ಮೊಡವೆಗೂ ಊಟಕ್ಕೂ ಏನು ನಂಟು?

ಕೆಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯಲ್ಲಿ ಉಷ್ಣಗತಿವಿಜ್ಞಾನದ ಪಾಠ ಮುಗಿಸಿ ಸೀಮೆಸುಣ್ಣ ಕೆಳಗಿಡುತ್ತಿದ್ದಾಗ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸರ್, ಕಡಲೆಕಾಯಿ, ಮಾವಿನಹಣ್ಣು ಇವೆಲ್ಲ ಉಷ್ಣ, ತಿಂದರೆ ಮೊಡವೆ ಬರುತ್ತೆ ಅಂತಾರೆ. ನೀವು ಹೇಳೋ ಉಷ್ಣಕ್ಕೂ ಅದಕ್ಕೂ ಸಂಬಂಧ ಇದೆಯಾ?" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ನಗಬಾರದಿತ್ತು ಎಂದು ಆಮೇಲೆ ಗೊತ್ತಾಯಿತು. ಆ ಹುಡುಗಿ ಮೊಡವೆಯ ಹೆದರಿಕೆಯಿಂದ ಮೂರು ತಿಂಗಳಿನಿಂದ ಹಾಲು, ಮೊಟ್ಟೆ, ಕಡಲೆಕಾಯಿ, ಹಣ್ಣು ಎಲ್ಲವನ್ನೂ ಬಿಟ್ಟಿದ್ದಳು. ಉಳಿದದ್ದು ಅನ್ನ, ತಿಳಿಸಾರು ಮತ್ತು ಟೀಯೊಂದಿಗೆ ಬಿಸ್ಕತ್ತು. ತೂಕ ಇಳಿದಿತ್ತು, ಮೊಡವೆ ಮಾತ್ರ ಇದ್ದ ಹಾಗೆಯೇ ಇತ್ತು.

ಅವಳ ಪ್ರಶ್ನೆಯ ಅರ್ಧಕ್ಕೆ ನಾನು ಅಲ್ಲಿಯೇ ಉತ್ತರ ಹೇಳಬಹುದಿತ್ತು. ಭೌತವಿಜ್ಞಾನದ ಉಷ್ಣ ಜೂಲ್‌ಗಳಲ್ಲಿ ಅಳೆಯುವ ಶಕ್ತಿ. ಕಡಲೆಕಾಯಿ ತಿಂದರೂ ಎಳನೀರು ಕುಡಿದರೂ ಆರೋಗ್ಯವಂತರ ದೇಹದ ತಾಪ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಇರುತ್ತದೆ. ಮನೆಮಾತಿನ 'ಉಷ್ಣ' ಬೇರೆಯೇ ಪರಿಭಾಷೆ. ತಾಪಮಾಪಕಕ್ಕೆ ಅದು ಸಿಗುವುದಿಲ್ಲ. ಆದರೆ ಪ್ರಶ್ನೆಯ ಉಳಿದರ್ಧ, ಅಂದರೆ ತಿನ್ನುವುದಕ್ಕೂ ಮೊಡವೆಗೂ ಸಂಬಂಧ ಉಂಟೇ ಎಂಬುದು ಅಷ್ಟು ಸುಲಭವಲ್ಲ. ವೈದ್ಯವಿಜ್ಞಾನವೇ ಈ ವಿಷಯದಲ್ಲಿ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ತನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿದೆ. ಆ ಬದಲಾವಣೆ ಹೇಗಾಯಿತು ಎಂಬುದು ಪ್ರಯೋಗವನ್ನು ರೂಪಿಸುವವರೆಲ್ಲರಿಗೂ ಒಂದು ಪಾಠ.

ಮೊಡವೆ ಹುಟ್ಟುವ ಬಗೆ

ಚರ್ಮದಲ್ಲಿ ಪ್ರತಿಯೊಂದು ಕೂದಲೂ ಒಂದು ಸಣ್ಣ ಕೊಳವೆಯೊಳಗಿಂದ ಹೊರಬರುತ್ತದೆ. ಅದೇ ರೋಮಕೂಪ. ಅದಕ್ಕೆ ಅಂಟಿಕೊಂಡಂತೆ ಒಂದು ತೈಲಗ್ರಂಥಿ ಇದ್ದು, ಸೀಬಮ್ ಎಂಬ ಜಿಡ್ಡನ್ನು ಸ್ರವಿಸುತ್ತದೆ. ಮುಖ ಮತ್ತು ನೆತ್ತಿಯ ಮೇಲೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 400ರಿಂದ 900 ಇಂಥ ಗ್ರಂಥಿಗಳಿರುತ್ತವೆ. ಅಂಗೈ, ಅಂಗಾಲುಗಳಲ್ಲಿ ಇವು ಇಲ್ಲವೇ ಇಲ್ಲ. ಹಾಗಾಗಿಯೇ ಅಂಗೈಯಲ್ಲಿ ಮೊಡವೆ ಎದ್ದದ್ದನ್ನು ಯಾರೂ ಕಂಡಿಲ್ಲ.

ಹರೆಯ ಕಾಲಿಟ್ಟಾಗ ಆಂಡ್ರೊಜೆನ್ ಗುಂಪಿನ ಹಾರ್ಮೋನುಗಳು ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಏರುತ್ತವೆ. ಆಗ ನಾಲ್ಕು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡು ನಡೆಯುತ್ತವೆ. ಮೊದಲನೆಯದು, ತೈಲಗ್ರಂಥಿಗಳು ಹಿಗ್ಗಿ ಹೆಚ್ಚು ಜಿಡ್ಡು ಸುರಿಸುವುದು. ಎರಡನೆಯದು, ರೋಮಕೂಪದ ಒಳಗೋಡೆಯ ಜೀವಕೋಶಗಳು ಬೇಗ ಬೇಗ ಬೆಳೆದು, ಉದುರದೆ ಅಂಟಿಕೊಂಡು ಬಿರಡೆಯಾಗುವುದು. ಮೂರನೆಯದು, ಆ ಮುಚ್ಚಿದ ಕೊಳವೆಯಲ್ಲಿ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯ ವೃದ್ಧಿಸುವುದು. (2016ಕ್ಕೆ ಮೊದಲಿನ ಪುಸ್ತಕಗಳಲ್ಲಿ ಇದರ ಹೆಸರು ಪ್ರೊಪಿಯಾನಿಬ್ಯಾಕ್ಟೀರಿಯಮ್ ಆಕ್ನೆಸ್.) ನಾಲ್ಕನೆಯದು, ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ಉರಿಯೂತವಾಗುವುದು. ಬಿರಡೆಯ ಬಾಯಿ ತೆರೆದಿದ್ದರೆ ಅದು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆ ಕಪ್ಪು ಕೊಳೆಯಲ್ಲ. ಮೆಲನಿನ್ ವರ್ಣಕ ಮತ್ತು ಗಾಳಿಯ ಸಂಪರ್ಕದಿಂದ ಉತ್ಕರ್ಷಣಗೊಂಡ ಜಿಡ್ಡಿನಿಂದ ಬಂದ ಬಣ್ಣ. ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ಹೋಗದಿರುವುದಕ್ಕೆ ಇದೇ ಕಾರಣ.

ಈ ಬ್ಯಾಕ್ಟೀರಿಯವನ್ನು ಕಾಣುವ ಉಪಾಯವೊಂದು ನನ್ನಂಥ ಭೌತವಿಜ್ಞಾನದ ಮೇಷ್ಟ್ರಿಗೆ ಪ್ರಿಯವಾದದ್ದು. ಸುಮಾರು 365 ನ್ಯಾನೊಮೀಟರ್ ತರಂಗದೂರದ ಅತಿನೇರಳೆ ಬೆಳಕನ್ನು ಕತ್ತಲೆಯಲ್ಲಿ ಮುಖದ ಮೇಲೆ ಹಾಯಿಸಿದರೆ, ಮೂಗಿನ ಸುತ್ತಮುತ್ತ ಕಿತ್ತಳೆ-ಕೆಂಪು ಚುಕ್ಕೆಗಳು ಹೊಳೆಯುತ್ತವೆ. ಬ್ಯಾಕ್ಟೀರಿಯ ತಯಾರಿಸುವ ಪಾರ್ಫೈರಿನ್ ಎಂಬ ಅಣುಗಳ ಪ್ರತಿದೀಪ್ತಿ ಅದು. ಚರ್ಮವೈದ್ಯರು ಬಳಸುವ ಈ ದೀಪಕ್ಕೆ ಅದರ ಶೋಧಕ, ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್‌ನ ಹೆಸರೇ ಇದೆ. ಮೊಡವೆ ಇಲ್ಲದವರ ಮುಖದಲ್ಲಿಯೂ ಈ ಚುಕ್ಕೆಗಳು ಕಾಣಿಸುತ್ತವೆ. ಅಂದರೆ ಬ್ಯಾಕ್ಟೀರಿಯ ಒಂದೇ ಮೊಡವೆಗೆ ಸಾಲದು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಸೀಬಮ್ ಗ್ರಂಥಿಯೊಳಗೇ ತಯಾರಾಗುವ ವಸ್ತು. ಅದರಲ್ಲಿ ಮೇಣದ ಎಸ್ಟರುಗಳು, ಸ್ಕ್ವಾಲೀನ್ ಮೊದಲಾದವು ಇರುತ್ತವೆ. ಬಜ್ಜಿಯ ಎಣ್ಣೆ ನೇರವಾಗಿ ಕೆನ್ನೆಯ ರಂಧ್ರಕ್ಕೆ ಬಂದು ಸೇರುವುದಿಲ್ಲ. ಎರಡನೆಯದಾಗಿ, ಕಣ್ಣಿಗೆ ಕಾಣದ ಮೊದಲ ಬಿರಡೆ ಕೆಂಪು ಗುಳ್ಳೆಯಾಗಿ ಏಳಲು ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ "ನಿನ್ನೆ ಕಡಲೆಕಾಯಿ ತಿಂದೆ, ಇವತ್ತು ಮೊಡವೆ ಬಂತು" ಎಂಬ ಲೆಕ್ಕ ಸಾಮಾನ್ಯವಾಗಿ ಹೊಂದುವುದಿಲ್ಲ. ಇವತ್ತಿನ ಗುಳ್ಳೆಯ ಆರಂಭವನ್ನು ಕಳೆದ ತಿಂಗಳಿನಲ್ಲಿ ಹುಡುಕಬೇಕು.

ಚಾಕೊಲೇಟ್ ಪ್ರಯೋಗದ ಪಾಠ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಾಶ್ಚಾತ್ಯ ವೈದ್ಯರು ಮೊಡವೆಯ ರೋಗಿಗಳಿಗೆ ಚಾಕೊಲೇಟ್, ಸಿಹಿ, ಕರಿದ ತಿಂಡಿಗಳನ್ನು ಬಿಡಲು ಹೇಳುವುದು ರೂಢಿಯಾಗಿತ್ತು. 1969ರಲ್ಲಿ ಅಮೆರಿಕದ ಫುಲ್ಟನ್, ಪ್ಲೆವಿಗ್ ಮತ್ತು ಕ್ಲಿಗ್‌ಮನ್ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. 65 ಮಂದಿಗೆ ನಾಲ್ಕು ವಾರ ದಿನವೂ ಹೆಚ್ಚು ಚಾಕೊಲೇಟ್ ಇದ್ದ ಸಿಹಿಪಟ್ಟಿ, ಇನ್ನು ನಾಲ್ಕು ವಾರ ಚಾಕೊಲೇಟ್ ಇಲ್ಲದ, ಆದರೆ ನೋಡಲು ಅಂಥದೇ ಪಟ್ಟಿ ಕೊಟ್ಟು ಗುಳ್ಳೆಗಳನ್ನು ಎಣಿಸಿದರು. ವ್ಯತ್ಯಾಸ ಕಾಣಲಿಲ್ಲ. ಚಾಕೊಲೇಟಿಗೂ ಮೊಡವೆಗೂ ಸಂಬಂಧವಿಲ್ಲ ಎಂಬ ತೀರ್ಮಾನ ಬಂತು. ಕ್ರಮೇಣ ಅದು "ಆಹಾರಕ್ಕೂ ಮೊಡವೆಗೂ ಸಂಬಂಧವಿಲ್ಲ" ಎಂದು ಹಿಗ್ಗಿ ಪಠ್ಯಪುಸ್ತಕಗಳನ್ನು ಸೇರಿತು. ಮೂರು ದಶಕಗಳ ಕಾಲ ವೈದ್ಯರು ಹಾಗೆಯೇ ಹೇಳುತ್ತ ಬಂದರು.

ಪ್ರಯೋಗದ ದೋಷ ಎಲ್ಲಿತ್ತು? ಹೋಲಿಕೆಗೆ ಕೊಟ್ಟ ಪಟ್ಟಿಯಲ್ಲಿ ಕೋಕೋ ಇರಲಿಲ್ಲ, ನಿಜ. ಆದರೆ ಸಕ್ಕರೆಯೂ ಕೊಬ್ಬೂ ಧಾರಾಳವಾಗಿದ್ದವು. ಉಪ್ಪಿನ ದ್ರಾವಣದಲ್ಲಿ ವಿದ್ಯುತ್ ಹರಿಯುವುದೇ ಎಂದು ತಿಳಿಯಲು ಕಲ್ಲುಪ್ಪಿನ ದ್ರಾವಣವನ್ನು ಪುಡಿಯುಪ್ಪಿನ ದ್ರಾವಣದೊಡನೆ ಹೋಲಿಸಿ, "ಎರಡರಲ್ಲಿಯೂ ಒಂದೇ, ಆದ್ದರಿಂದ ಉಪ್ಪಿಗೂ ವಿದ್ಯುತ್ತಿಗೂ ಸಂಬಂಧವಿಲ್ಲ" ಎಂದಂತಾಯಿತು. ಆ ಪ್ರಯೋಗದಿಂದ ತಿಳಿಯಬಹುದಾಗಿದ್ದದ್ದು ಕೋಕೋ ಕುರಿತು ಮಾತ್ರ. ಸಕ್ಕರೆಯ ಬಗ್ಗೆ ಅದು ಏನನ್ನೂ ಹೇಳುವಂತಿರಲಿಲ್ಲ.

ಮೊಡವೆ ಕಾಣದ ದ್ವೀಪ

2002ರಲ್ಲಿ ಲೋರೆನ್ ಕಾರ್ಡೈನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯೊಂದು ಈ ಚರ್ಚೆಯನ್ನು ಮತ್ತೆ ತೆರೆಯಿತು. ಪಾಪುವಾ ನ್ಯೂಗಿನಿಗೆ ಸೇರಿದ ಕಿಟಾವ ದ್ವೀಪದಲ್ಲಿ 1200 ಮಂದಿಯನ್ನು ಪರೀಕ್ಷಿಸಲಾಗಿತ್ತು. ಅವರಲ್ಲಿ 300 ಮಂದಿ 15ರಿಂದ 25 ವಯಸ್ಸಿನವರು. ಒಬ್ಬರಲ್ಲಿಯೂ ಮೊಡವೆ ಕಾಣಲಿಲ್ಲ. ಪರಾಗ್ವೆಯ ಆಚೆ ಬುಡಕಟ್ಟಿನ 115 ಜನರಲ್ಲಿಯೂ ಇರಲಿಲ್ಲ. ಕಿಟಾವದವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ಸಂಸ್ಕರಿಸಿದ ಹಿಟ್ಟು, ಸಕ್ಕರೆ, ಡೈರಿ ಪದಾರ್ಥಗಳು ಬಹುಮಟ್ಟಿಗೆ ಇಲ್ಲ.

ಇದರಿಂದ ಆಹಾರವೇ ಕಾರಣ ಎನ್ನಬಹುದೇ? ಅವಸರ ಬೇಡ. ಅವರ ವಂಶವಾಹಿಗಳು, ದುಡಿಮೆ, ಹವೆ ಎಲ್ಲವೂ ಬೇರೆ. ವಂಶವಾಹಿಗಳ ಪಾತ್ರ ಸಣ್ಣದೂ ಅಲ್ಲ. ಅದೇ 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅವಳಿ ಮಹಿಳೆಯರ ಅಧ್ಯಯನವೊಂದರ ಪ್ರಕಾರ, ಅವರಲ್ಲಿ ಮೊಡವೆಯ ಏರುಪೇರಿನ ಶೇಕಡ 81 ಭಾಗಕ್ಕೆ ಆನುವಂಶಿಕತೆಯೇ ಕಾರಣ. ಆದರೆ ಈ ಮಹಿಳೆಯರೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಊಟ ಮಾಡುವ ಸಮಾಜದವರು ಎಂಬುದನ್ನು ನೆನಪಿಡಬೇಕು. ಎಲ್ಲರ ಹೊಲಕ್ಕೂ ಒಂದೇ ಗೊಬ್ಬರ ಹಾಕಿದರೆ, ಇಳುವರಿಯ ವ್ಯತ್ಯಾಸವೆಲ್ಲ ಬೀಜದ್ದೆಂದೇ ತೋರುತ್ತದೆ.

ಸೂಚ್ಯಂಕವೂ ಹೊರೆಯೂ

ಮುಂದಿನ ಹೆಜ್ಜೆಗೆ ಬೇಕಾದ ಅಳತೆಗೋಲು ಅಷ್ಟು ಹೊತ್ತಿಗೆ ಸಿದ್ಧವಾಗಿತ್ತು. 1981ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೀಮಿಕ್ ಸೂಚ್ಯಂಕವನ್ನು ಪ್ರಸ್ತಾಪಿಸಿದ್ದರು. ಒಂದೇ ಪ್ರಮಾಣದ ಶರ್ಕರಪಿಷ್ಟವಿರುವ ಬೇರೆ ಬೇರೆ ಆಹಾರಗಳು ರಕ್ತದ ಗ್ಲೂಕೋಸನ್ನು ಎಷ್ಟೆಷ್ಟು ಏರಿಸುತ್ತವೆ ಎಂಬುದರ ಹೋಲಿಕೆ ಅದು. ಶುದ್ಧ ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ, ಅಂತಾರಾಷ್ಟ್ರೀಯ ಕೋಷ್ಟಕಗಳ ಸರಾಸರಿ ಬೆಲೆಗಳು ಸುಮಾರು ಹೀಗಿವೆ: ಬೇಯಿಸಿದ ಆಲೂಗಡ್ಡೆ 78, ಮೈದಾ ಬ್ರೆಡ್ 75, ಬಿಳಿ ಅನ್ನ 73, ಚಪಾತಿ 52, ಮಾವಿನಹಣ್ಣು 51, ಬಾಳೆಹಣ್ಣು 51, ಹಾಲು 39, ಕಡಲೆಕಾಳು 28. ಕಡಲೆಕಾಯಿಯದು ಇನ್ನೂ ಕಡಿಮೆ. ರಾಗಿಯ ಬೆಲೆ ಹಿಟ್ಟಿನ ನಯ ಮತ್ತು ಅಡುಗೆಯ ಬಗೆಯನ್ನು ಅನುಸರಿಸಿ ಬಹಳ ಬದಲಾಗುತ್ತದೆ. ರಾಗಿ ಎಂದಕೂಡಲೇ ಸೂಚ್ಯಂಕ ಕಡಿಮೆ ಎಂದುಕೊಳ್ಳುವಂತಿಲ್ಲ.

ಸೂಚ್ಯಂಕ ಒಂದೇ ಸಾಲದು. ತಿಂದ ಪ್ರಮಾಣವೂ ಲೆಕ್ಕಕ್ಕೆ ಬರಬೇಕು. ಸೂಚ್ಯಂಕವನ್ನು ಆಹಾರದಲ್ಲಿರುವ ಶರ್ಕರಪಿಷ್ಟದ ಗ್ರಾಂಗಳಿಂದ ಗುಣಿಸಿ 100ರಿಂದ ಭಾಗಿಸಿದರೆ ಗ್ಲೈಸೀಮಿಕ್ ಹೊರೆ ಸಿಗುತ್ತದೆ. ಕಲ್ಲಂಗಡಿಯ ಸೂಚ್ಯಂಕ 76, ಅನ್ನಕ್ಕಿಂತ ಹೆಚ್ಚು. ಆದರೆ 100 ಗ್ರಾಂ ಕಲ್ಲಂಗಡಿಯಲ್ಲಿ ಶರ್ಕರ ಸುಮಾರು 8 ಗ್ರಾಂ ಮಾತ್ರ. ಹೊರೆ ಸುಮಾರು 6. ಅಷ್ಟೇ ತೂಕದ ಅನ್ನದಲ್ಲಿ ಪಿಷ್ಟ ಸುಮಾರು 28 ಗ್ರಾಂ. ಹೊರೆ ಸುಮಾರು 20. ತಾಪಕ್ಕೂ ಉಷ್ಣಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಕಷ್ಟವಾಗಬಾರದು.

ರಕ್ತದಿಂದ ಗ್ರಂಥಿಯವರೆಗೆ

ಗ್ಲೂಕೋಸ್ ರಭಸದಿಂದ ಏರಿದಾಗ ಮೇದೋಜೀರಕಾಂಗ ಇನ್ಸುಲಿನ್ನನ್ನು ಹೆಚ್ಚಾಗಿ ಸುರಿಸುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಇಳಿಸುವುದಷ್ಟೇ ಅಲ್ಲದೆ ಇನ್ನೂ ಎರಡು ಕೆಲಸ ಮಾಡುತ್ತದೆ. ಇನ್ಸುಲಿನ್‌ನಂಥ ಬೆಳವಣಿಗೆ ಕಾರಕ-1, ಅಂದರೆ ಐಜಿಎಫ್-1 ಎಂಬ ಹಾರ್ಮೋನು ಅಂಗಾಂಶಗಳಿಗೆ ಹೆಚ್ಚು ದೊರೆಯುವಂತೆ ಮಾಡುತ್ತದೆ. ರಕ್ತದಲ್ಲಿ ಆಂಡ್ರೊಜೆನ್ನನ್ನು ಹಿಡಿದಿಡುವ ವಾಹಕ ಪ್ರೋಟೀನಿನ ಉತ್ಪಾದನೆಯನ್ನು ಯಕೃತ್ತಿನಲ್ಲಿ ತಗ್ಗಿಸುತ್ತದೆ. ಹೀಗೆ ಬಿಡುಗಡೆಯಾದ ಆಂಡ್ರೊಜೆನ್ನೂ ಐಜಿಎಫ್-1ಯೂ ತೈಲಗ್ರಂಥಿಯನ್ನು ಕೆರಳಿಸುತ್ತವೆ, ರೋಮಕೂಪದ ಕೋಶಗಳ ಬೆಳವಣಿಗೆಯನ್ನು ಚುರುಕುಗೊಳಿಸುತ್ತವೆ. ಮೇಲೆ ಹೇಳಿದ ನಾಲ್ಕು ಸಂಗತಿಗಳಲ್ಲಿ ಮೊದಲ ಎರಡಕ್ಕೆ ಇಲ್ಲಿ ನೇರ ದಾರಿ ಸಿಕ್ಕಿತು.

ಈ ಸರಪಣಿಗೆ ಪ್ರಕೃತಿಯೇ ಒದಗಿಸಿದ ಒಂದು ಸಾಕ್ಷ್ಯವೂ ಇದೆ. ಇಸ್ರೇಲಿನ ವೈದ್ಯ ಝ್ವಿ ಲ್ಯಾರನ್ ಹೆಸರಿನ ಅಪರೂಪದ ಆನುವಂಶಿಕ ಸ್ಥಿತಿಯಲ್ಲಿ ದೇಹದಲ್ಲಿ ಐಜಿಎಫ್-1 ತೀರಾ ಕಡಿಮೆ. ಅಂಥವರಲ್ಲಿ ಮೊಡವೆಯೂ ಅಪರೂಪ. ಚಿಕಿತ್ಸೆಗಾಗಿ ಐಜಿಎಫ್-1ನ್ನು ಅತಿಯಾಗಿ ಕೊಟ್ಟಾಗ ಕೆಲವರಲ್ಲಿ ಮೊಡವೆ ಎದ್ದಿತು, ಪ್ರಮಾಣ ಇಳಿಸಿದಾಗ ಹೋಯಿತು.

43 ಯುವಕರ ಪ್ರಯೋಗ

ದಾರಿ ಇದೆ ಎಂದಮಾತ್ರಕ್ಕೆ ಅದರಲ್ಲಿ ಸಂಚಾರವಿದೆ ಎಂದಾಗುವುದಿಲ್ಲ. ಅದನ್ನು ಪ್ರಯೋಗ ತೋರಿಸಬೇಕು. 2007ರಲ್ಲಿ ಆಸ್ಟ್ರೇಲಿಯದ ರಾಬಿನ್ ಸ್ಮಿತ್, ನೀಲ್ ಮ್ಯಾನ್ ಮತ್ತು ಸಂಗಡಿಗರು ಮೊಡವೆಯಿದ್ದ 15ರಿಂದ 25 ವಯಸ್ಸಿನ 43 ಯುವಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರ ಗ್ಲೈಸೀಮಿಕ್ ಹೊರೆ ಕಡಿಮೆಯಿರುವ, ಪ್ರೋಟೀನು ತುಸು ಹೆಚ್ಚಿರುವ ಊಟ. ಇನ್ನೊಂದಕ್ಕೆ ಶರ್ಕರಪಿಷ್ಟ ಹೆಚ್ಚಿರುವ ಮಾಮೂಲಿ ಊಟ. ಯಾರು ಯಾವ ಗುಂಪಿನವರೆಂದು ಗುಳ್ಳೆ ಎಣಿಸುವವರಿಗೆ ತಿಳಿದಿರಲಿಲ್ಲ. ಕೊನೆಗೆ ಮೊದಲ ಗುಂಪಿನಲ್ಲಿ ಗುಳ್ಳೆಗಳ ಸಂಖ್ಯೆ ಸರಾಸರಿ 23.5ರಷ್ಟು ಇಳಿದಿತ್ತು, ಎರಡನೆಯದರಲ್ಲಿ 12ರಷ್ಟು.

ಎರಡನೆಯ ಅಂಕಿಯನ್ನು ಮತ್ತೊಮ್ಮೆ ನೋಡಿ. ವಿಶೇಷ ಊಟವೇನೂ ಇಲ್ಲದವರಲ್ಲಿಯೂ ಗುಳ್ಳೆಗಳು ಇಳಿದವು. ಮೊಡವೆ ತಾನಾಗಿಯೇ ಏರಿಳಿಯುತ್ತದೆ. ಹೆಚ್ಚಾಗಿದ್ದಾಗ ಚಿಕಿತ್ಸೆ ಹುಡುಕುತ್ತೇವೆ, ಆಮೇಲೆ ಅದು ಇಳಿದಾಗ ಚಿಕಿತ್ಸೆಗೆ ಕೀರ್ತಿ ಕೊಡುತ್ತೇವೆ. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ 12 ಕೂಡ ಊಟದ ಖಾತೆಗೇ ಜಮೆಯಾಗುತ್ತಿತ್ತು. ಮನೆಮದ್ದು, ಜಾಹೀರಾತಿನ ಕ್ರೀಮುಗಳ ಯಶಸ್ಸಿನ ಬಹುಪಾಲು ಇಂಥ 12ರಿಂದಲೇ ಬಂದದ್ದು ಎಂದು ನನ್ನ ಅನಿಸಿಕೆ.

ಈ ಪ್ರಯೋಗವೂ ನಿರ್ದೋಷಿಯಲ್ಲ. ಮೊದಲ ಗುಂಪಿನವರ ತೂಕವೂ ಸುಮಾರು 3 ಕಿಲೋಗ್ರಾಂ ಇಳಿದಿತ್ತು. ಫಲ ಬಂದದ್ದು ಊಟದ ಬಗೆಯಿಂದಲೋ ತೂಕ ಇಳಿದದ್ದರಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. 2012ರಲ್ಲಿ ದಕ್ಷಿಣ ಕೊರಿಯದಲ್ಲಿ 32 ಮಂದಿಯ ಮೇಲೆ 10 ವಾರ ನಡೆದ ಪ್ರಯೋಗದಲ್ಲಿ ಮೊಡವೆ ಇಳಿದದ್ದಲ್ಲದೆ, ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತೈಲಗ್ರಂಥಿಗಳ ಗಾತ್ರವೂ ಕುಗ್ಗಿದ್ದು ಕಂಡಿತು. ಎರಡೂ ಸಣ್ಣ ಪ್ರಯೋಗಗಳೇ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಆಹಾರವನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವಷ್ಟು ಸಾಕ್ಷ್ಯ ಇನ್ನೂ ಒದಗಿಲ್ಲ ಎಂದೇ ಹೇಳಿದೆ.

ಹಾಲಿನ ಮಾತು

ಹಾಲಿನ ಸೂಚ್ಯಂಕ ಕಡಿಮೆ. ಆದರೆ ಆ ಸೂಚ್ಯಂಕದಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚು ಇನ್ಸುಲಿನ್ನನ್ನು ಅದು ಹೊರಡಿಸುತ್ತದೆ. ಇದಕ್ಕೆ ಅದರ ಪ್ರೋಟೀನುಗಳು, ವಿಶೇಷವಾಗಿ ಹಾಲೊಡೆದಾಗ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನು ಕಾರಣ. ಕರುವನ್ನು ಬೆಳೆಸಲೆಂದೇ ಇರುವ ಆಹಾರ ಬೆಳವಣಿಗೆಯ ಹಾರ್ಮೋನುಗಳನ್ನು ಎಚ್ಚರಿಸಿದರೆ ಆಶ್ಚರ್ಯವಿಲ್ಲ.

2005ರಲ್ಲಿ ಅಮೆರಿಕದ 47,355 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಪ್ರೌಢಶಾಲೆಯ ದಿನಗಳಲ್ಲಿ ಹೆಚ್ಚು ಹಾಲು ಕುಡಿದವರಲ್ಲಿ ಮೊಡವೆ ಹೆಚ್ಚಾಗಿತ್ತು ಎಂದು ಅದು ತಿಳಿಸಿತು. ಕೆನೆ ತೆಗೆದ ಹಾಲಿನೊಂದಿಗೆ ಸಂಬಂಧ ಇನ್ನೂ ಬಲವಾಗಿತ್ತು. ಅಂದರೆ ಕೆನೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೆ ಹಲವು ವರ್ಷಗಳ ಹಿಂದಿನ ಊಟವನ್ನು ನೆನಪಿನಿಂದ ಹೇಳಿಸಿದ ಅಧ್ಯಯನ ಅದು. 2018ರಲ್ಲಿ 78,529 ಮಕ್ಕಳು ಮತ್ತು ಯುವಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಡೈರಿ ಪದಾರ್ಥ ಸೇವಿಸುವವರ ಸಂಭವಾನುಪಾತ 1.25 ಎಂದು ಬಂತು. ಇದು ಗಣನೀಯವಾದರೂ ದೊಡ್ಡದಲ್ಲ. ಹಾಲು ಕುಡಿಯುವ ಬಹಳ ಮಂದಿಗೆ ಮೊಡವೆಯಿಲ್ಲ, ಕುಡಿಯದ ಬಹಳ ಮಂದಿಗೆ ಇದೆ. ಇವೆಲ್ಲ ವೀಕ್ಷಣೆಯ ಅಧ್ಯಯನಗಳಾದ್ದರಿಂದ ಹಾಲೇ ಕಾರಣ ಎಂದು ತೀರ್ಪು ಕೊಡಲಾಗದು.

ನಮ್ಮ ರಾಜ್ಯದಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲು ಹಲವು ಮಕ್ಕಳಿಗೆ ದಿನದ ಮುಖ್ಯ ಪ್ರೋಟೀನು, ಕ್ಯಾಲ್ಸಿಯಂ. ಮೂಳೆ ಬಲಿಯುವ ವಯಸ್ಸಿನಲ್ಲಿ ಮೊಡವೆಯ ಭಯಕ್ಕೆ ಆ ಲೋಟವನ್ನು ಪಕ್ಕಕ್ಕಿಡಿಸುವುದು ಲಾಭದ ವ್ಯಾಪಾರವಲ್ಲ. ವ್ಯಾಯಾಮಶಾಲೆಗೆ ಹೋಗುವ ಹುಡುಗರು ಡಬ್ಬಿಗಟ್ಟಲೆ ಕುಡಿಯುವ ವೇ ಪ್ರೋಟೀನು ಪುಡಿಯ ವಿಷಯ ಬೇರೆ. ಅದನ್ನು ಆರಂಭಿಸಿದ ಮೇಲೆ ಮೊಡವೆ ಎದ್ದು, ಬಿಟ್ಟ ಮೇಲೆ ಇಳಿದ ಪ್ರಕರಣಗಳನ್ನು ವೈದ್ಯರು ವರದಿ ಮಾಡಿದ್ದಾರೆ.

ಎರಡು ಬಗೆಯ ಕಾರಣ

ಚರ್ಮಕ್ಕೂ ಊಟಕ್ಕೂ ಇರುವ ಕೆಲವು ಸಂಬಂಧಗಳು ನೇರವಾದವು. ಸಿ ಜೀವಸತ್ವ ಇಲ್ಲವಾದರೆ ಸ್ಕರ್ವಿ. ನಯಾಸಿನ್ ಕೊರತೆಯಾದರೆ ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಕಪ್ಪಾಗಿ ಒರಟಾಗುವ ಪೆಲಾಗ್ರ. ದಖನ್ ಪ್ರಸ್ಥಭೂಮಿಯಲ್ಲಿ ಜೋಳವೇ ಮುಖ್ಯ ಆಹಾರವಾಗಿದ್ದ ಬಡವರಲ್ಲಿ ಕಂಡ ಪೆಲಾಗ್ರವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಟಿಯ 1960ರ ಸುಮಾರಿನಲ್ಲಿ ಅಧ್ಯಯನ ಮಾಡಿದರು. ಇಂಥ ಕಡೆ ಕೊರತೆ ತುಂಬಿದರೆ ರೋಗ ಹೋಗುತ್ತದೆ. ಮೊಡವೆ ಹಾಗಲ್ಲ. ಅಲ್ಲಿ ಆಹಾರ ಹಲವು ಕಾರಣಗಳಲ್ಲಿ ಒಂದು. ಸಂಭವವನ್ನು ತುಸು ಏರಿಸುತ್ತದೆ ಅಥವಾ ಇಳಿಸುತ್ತದೆ. ಒಬ್ಬರ ಮುಖ ನೋಡಿ ಅವರ ತಟ್ಟೆಯನ್ನು ಊಹಿಸಲು ಬರುವುದಿಲ್ಲ.

ಹಾಗಾದರೆ ಮಾಡುವುದೇನು?

ಸಿಹಿ ಪಾನೀಯ, ಬೇಕರಿ ತಿಂಡಿ, ಬಿಸ್ಕತ್ತುಗಳನ್ನು ತಗ್ಗಿಸಿ. ಅನ್ನದ ಪಾಲು ಸ್ವಲ್ಪ ಇಳಿಸಿ, ಕಾಳು, ಬೇಳೆ, ಸೊಪ್ಪು, ತರಕಾರಿಯ ಪಾಲು ಏರಿಸಿ. ಉಸಲಿ, ಕೋಸಂಬರಿ, ಹುರುಳಿಸಾರು ನಮ್ಮ ಅಡುಗೆಯಲ್ಲಿ ಇದ್ದೇ ಇವೆ. ಮೊಡವೆ ಇಳಿಯಲಿ ಬಿಡಲಿ, ಇದರಿಂದ ನಷ್ಟವಿಲ್ಲ.

ಯಾವುದಾದರೂ ಒಂದು ಪದಾರ್ಥದ ಮೇಲೆ ಅನುಮಾನವಿದ್ದರೆ ಪರೀಕ್ಷಿಸಿ ನೋಡಬಹುದು. ಒಂದು ಸಲಕ್ಕೆ ಒಂದೇ ಚರವನ್ನು ಬದಲಿಸಿ. ವಾರಕ್ಕೊಮ್ಮೆ ಒಂದೇ ವಾರ, ಒಂದೇ ಬೆಳಕಿನಲ್ಲಿ ಗುಳ್ಳೆಗಳನ್ನು ಎಣಿಸಿ ಬರೆದಿಡಿ. ಕನಿಷ್ಠ ಹತ್ತು ಹನ್ನೆರಡು ವಾರ ಬೇಕು. ಊಟ ಬಿಡುವುದು, ಹಲವನ್ನು ಒಟ್ಟಿಗೆ ಬಿಡುವುದು ಪ್ರಯೋಗವಲ್ಲ, ಉಪವಾಸ.

ಗುಳ್ಳೆಗಳು ಆಳವಾಗಿ ಗಂಟು ಕಟ್ಟುತ್ತಿದ್ದರೆ, ಕಲೆ ಉಳಿಯುತ್ತಿದ್ದರೆ, ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತಿದ್ದರೆ, ಮನಸ್ಸು ಕುಗ್ಗಿದ್ದರೆ ತಡಮಾಡದೆ ಚರ್ಮವೈದ್ಯರನ್ನು ಕಾಣಬೇಕು. ಬೆನ್ಸಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಪರೀಕ್ಷಿತ ಔಷಧಿಗಳಿವೆ; ಅವು ಫಲ ಕೊಡಲೂ ಎರಡು ಮೂರು ತಿಂಗಳು ಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ಮುಖಕ್ಕೆ ಹಚ್ಚಲೇಬೇಡಿ. ಮೊದಲ ವಾರ ಮುಖ ತಿಳಿಯಾಗಿ ಕಂಡರೂ ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನೂ ಹೆಚ್ಚುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಮಾತು. ಹರೆಯದ ಮಕ್ಕಳ ಮುಖ ನೋಡಿ "ಎಣ್ಣೆ ತಿಂಡಿ ಜಾಸ್ತಿಯಾಯ್ತಾ?" ಎಂದು ತಮಾಷೆ ಮಾಡುವ ಅಭ್ಯಾಸ ನಮ್ಮಲ್ಲಿದೆ. ಆ ಮಾತಿಗೆ ವಿಜ್ಞಾನದ ಆಧಾರವಿಲ್ಲ. ಕೇಳಿದ ಮಗು ಮರುದಿನದಿಂದ ಏನೇನು ತಿನ್ನುವುದನ್ನು ಬಿಡುತ್ತದೆ ಎಂಬುದು ನಮಗೆ ತಿಳಿಯುವುದೂ ಇಲ್ಲ.

ನನ್ನ ವಿದ್ಯಾರ್ಥಿನಿಯ ಪಟ್ಟಿಯನ್ನು ಈಗ ಮತ್ತೊಮ್ಮೆ ನೋಡಿ. ಅವಳು ಬಿಟ್ಟದ್ದರಲ್ಲಿ ಬಹುಪಾಲು ಗ್ಲೈಸೀಮಿಕ್ ಹೊರೆ ಕಡಿಮೆ ಇದ್ದವು. ಉಳಿಸಿಕೊಂಡದ್ದು ಅನ್ನ ಮತ್ತು ಬಿಸ್ಕತ್ತು. ಅನುಮಾನ ಪಡಬಹುದಾದದ್ದನ್ನು ಇಟ್ಟುಕೊಂಡು, ನಿರಪರಾಧಿಗಳನ್ನು ಹೊರಗೆ ಹಾಕಿದ್ದಳು. ಅವಳಿಗೆ ಅಂದು ಬೇಕಾಗಿದ್ದದ್ದು ಒಂದು ಕೋಷ್ಟಕ, ಒಬ್ಬ ಚರ್ಮವೈದ್ಯರ ವಿಳಾಸ, ಮತ್ತು ನಗದೆ ಉತ್ತರಿಸುವ ಮೇಷ್ಟ್ರು. ಮೊದಲೆರಡನ್ನು ಮುಂದಿನ ವಾರ ಒದಗಿಸಿದೆ. ಮೂರನೆಯದಕ್ಕೆ ಈ ಲೇಖನ.